ಬೆಳಗುವುದೆಲ್ಲ ಕ್ಯಾನ್ಸರ್ ಅಲ್ಲ

‘ಕ್ಯಾನ್ಸರ್ ಪತ್ತೆಗೆ ಹೊಸ ವಿಕಿರಣಶೀಲ ವಸ್ತು’, ‘ಸಾಸಿವೆಯಷ್ಟು ಗಂತಿಯನ್ನೂ ತೋರಿಸಬಲ್ಲ ಸ್ಕ್ಯಾನ್’ ಎಂಬಂಥ ಸುದ್ದಿಗಳನ್ನು ನೀವು ಆಗಾಗ ಓದಿರುತ್ತೀರಿ. ಸುದ್ದಿಯ ಜೊತೆಗೆ ಒಂದು ಚಿತ್ರವೂ ಇರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಇಲಿಯೊಂದರ ಮಸುಕಾದ ಆಕಾರ, ಅದರ ಭುಜದ ಬಳಿ ಕೆಂಡದಂತೆ ಹೊಳೆಯುವ ಒಂದು ಚುಕ್ಕೆ. ಹಳೆಯ ವಸ್ತುವಿಗಿಂತ ಹೊಸದು ಎಷ್ಟೋ ಪಟ್ಟು ಮೇಲು ಎಂಬ ಮಾತೂ ಇರುತ್ತದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬ ವಿಷಯ ಮಾತ್ರ ಕೊನೆಯ ಸಾಲಿನಲ್ಲಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ.

ಇಂಥ ಸುದ್ದಿಯ ತುಣುಕನ್ನು ಕತ್ತರಿಸಿಕೊಂಡು ನನ್ನ ಬಳಿಗೆ ಬರುವವರಿದ್ದಾರೆ. ಅವರಲ್ಲಿ ಎರಡು ಬಗೆ. ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರು “ಡಾಕ್ಟರೇ, ಈ ಹೊಸ ಸ್ಕ್ಯಾನ್ ಎಲ್ಲಿ ಸಿಗುತ್ತದೆ? ಅದು ಬರುವವರೆಗೆ ಚಿಕಿತ್ಸೆ ತಡೆಹಿಡಿಯಬಹುದೇ?” ಎಂದು ಕೇಳುತ್ತಾರೆ. ಯಾವ ಕಾಯಿಲೆಯೂ ಇಲ್ಲದವರು “ಒಮ್ಮೆ ಮೈಯೆಲ್ಲ ಸ್ಕ್ಯಾನ್ ಮಾಡಿಸಿಬಿಡೋಣವೇ?” ಎನ್ನುತ್ತಾರೆ. ಇಬ್ಬರ ಪ್ರಶ್ನೆಯ ಹಿಂದೆಯೂ ಒಂದೇ ತಪ್ಪು ಕಲ್ಪನೆಯಿದೆ. ಈ ವಸ್ತುಗಳು ಕ್ಯಾನ್ಸರನ್ನು ‘ಗುರುತಿಸುತ್ತವೆ’, ಹೆಚ್ಚು ಹೊಳೆಸಿದ ವಸ್ತುವೇ ಹೆಚ್ಚು ಒಳ್ಳೆಯದು ಎಂಬ ಕಲ್ಪನೆ ಅದು.

ನನ್ನ ಅಭಿಪ್ರಾಯ ಬೇರೆ. ಒಂದು ವಸ್ತು ಗಂತಿಯನ್ನು ಎಷ್ಟು ಬೆಳಗಿಸಿತು ಎಂಬುದು ಅರ್ಧ ಪ್ರಶ್ನೆ ಮಾತ್ರ. ಗಂತಿಯಲ್ಲದ ಬೇರೆ ಏನನ್ನೆಲ್ಲ ಬೆಳಗಿಸಿತು ಎಂಬುದು ಉಳಿದರ್ಧ. ಈ ಉಳಿದರ್ಧವೇ ನಮ್ಮ ದೇಶದ ರೋಗಿಗೆ ಹೆಚ್ಚು ಮುಖ್ಯ. ಪ್ರಾಣಿಗಳ ಮೇಲೆ ನಡೆದ ಹೋಲಿಕೆಗಳೇ ಈ ಮಾತಿಗೆ ಸಾಕ್ಷಿ.

ಜಾಡು ಹಿಡಿಯುವ ವಿದ್ಯೆ

ಮೊದಲು ಈ ವಸ್ತುಗಳು ಏನೆಂದು ತಿಳಿಯೋಣ. ವೈದ್ಯರು ಇವನ್ನು ಟ್ರೇಸರ್ ಎನ್ನುತ್ತಾರೆ, ಅಂದರೆ ಜಾಡು ತೋರಿಸುವ ವಸ್ತು. ಈ ವಿದ್ಯೆಗೆ ಅಡಿಪಾಯ ಹಾಕಿದವನು ಹಂಗೆರಿಯ ರಸಾಯನ ವಿಜ್ಞಾನಿ ಜಾರ್ಜ್ ಹೆವೆಸಿ. ಯುವಕನಾಗಿದ್ದಾಗ ಆತ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು ಮನೆಯಲ್ಲಿ ಊಟ, ವಸತಿಗೆ ದುಡ್ಡು ಕೊಟ್ಟು ಇದ್ದ. ಮನೆಯೊಡತಿ ಹಿಂದಿನ ದಿನ ಉಳಿದದ್ದನ್ನೇ ಮಾರನೆಯ ದಿನ ಬೇರೆ ರೂಪದಲ್ಲಿ ಬಡಿಸುತ್ತಾಳೆಂಬ ಗುಮಾನಿ ಅವನಿಗೆ. ತಟ್ಟೆಯಲ್ಲಿ ಉಳಿದ ಆಹಾರಕ್ಕೆ ಗುಟ್ಟಾಗಿ ಒಂದಿಷ್ಟು ವಿಕಿರಣಶೀಲ ವಸ್ತು ಬೆರೆಸಿದ. ಕೆಲ ದಿನಗಳ ನಂತರ ಬಡಿಸಿದ ಊಟದ ಬಳಿ ಉಪಕರಣ ಹಿಡಿದಾಗ ಅದು ವಿಕಿರಣವನ್ನು ತೋರಿಸಿತಂತೆ. ಈ ಕಥೆ ವಿಜ್ಞಾನಿಗಳ ನಡುವೆ ಇಂದಿಗೂ ಪ್ರಸಿದ್ಧ. ಕಥೆ ಹೇಗೇ ಇರಲಿ, ಇದೇ ತತ್ವವನ್ನು ಸಸ್ಯಗಳಲ್ಲಿ, ಪ್ರಾಣಿಗಳಲ್ಲಿ ಬಳಸಿ ತೋರಿಸಿದ ಹೆವೆಸಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ತತ್ವ ಸರಳ. ದೇಹ ಬಳಸುವ ಒಂದು ವಸ್ತುವಿಗೆ ವಿಕಿರಣ ಸೂಸುವ ಪರಮಾಣುವನ್ನು ಜೋಡಿಸಿ, ಅತಿ ಸ್ವಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುವುದು. ಅದು ಎಲ್ಲಿ ಹೋಗಿ ಸೇರುತ್ತದೋ ಅಲ್ಲಿಂದ ಬರುವ ವಿಕಿರಣವನ್ನು ಹೊರಗಿನಿಂದ ಹಿಡಿದು ಚಿತ್ರ ಮಾಡುವುದು. ಥೈರಾಯಿಡ್ ಗ್ರಂಥಿಯ ಪರೀಕ್ಷೆಗೆ ಅಯೋಡಿನ್, ಮೂಳೆಯ ಸ್ಕ್ಯಾನಿಗೆ ಟೆಕ್ನೀಶಿಯಮ್ ಬಳಸುವುದು ಹೀಗೆಯೇ. ಪೆಟ್ ಸ್ಕ್ಯಾನಿನಲ್ಲಿ ಹೆಚ್ಚಾಗಿ ಬಳಕೆಯಾಗುವುದು ಫ್ಲೋರಿನ್-18. ಇದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಂದರೆ ಬೆಳಿಗ್ಗೆ 9 ಗಂಟೆಗೆ ಚುಚ್ಚಿದ ಮದ್ದಿನ ವಿಕಿರಣ ರಾತ್ರಿ 8ರ ಹೊತ್ತಿಗೆ ಅರವತ್ತನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ನಮ್ಮ ದೇಶದಲ್ಲಿ ಈ ಪರೀಕ್ಷೆ ಮೊದಲು ಆರಂಭವಾದದ್ದು 2002ರಲ್ಲಿ, ಮುಂಬಯಿಯಲ್ಲಿ. ಈಗ ಬೆಂಗಳೂರಿನಂಥ ನಗರಗಳಲ್ಲಿ ಅದು ಅಪರೂಪವೇನಲ್ಲ.

ಸಕ್ಕರೆ ತಿನ್ನುವ ಗಂತಿ

ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೆಚ್ಚಾಗಿ ಬಳಸುತ್ತವೆ ಎಂದು 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್‌ಬರ್ಗ್ ಕಂಡುಕೊಂಡರು. ಅದಕ್ಕೆ ನೆರವಾದದ್ದು ಇಲಿಯ ಗಂತಿಯ ತೆಳುವಾದ ಹೋಳುಗಳು. ಅರ್ಧ ಶತಮಾನದ ನಂತರ ಈ ತಿಳಿವಳಿಕೆ ಫಲ ಕೊಟ್ಟಿತು. ಗ್ಲೂಕೋಸನ್ನು ತುಸು ಮಾರ್ಪಡಿಸಿ, ಅದಕ್ಕೆ ಫ್ಲೋರಿನ್-18 ಜೋಡಿಸಿದ ವಸ್ತುವೇ ಎಫ್‌ಡಿಜಿ. ಜೀವಕೋಶ ಇದನ್ನು ಸಕ್ಕರೆಯೆಂದೇ ಭಾವಿಸಿ ಒಳಗೆ ಸೇರಿಸಿಕೊಳ್ಳುತ್ತದೆ. ಆದರೆ ಪೂರ್ತಿ ಜೀರ್ಣಿಸಿಕೊಳ್ಳಲಾರದು. ಹೊರಗೂ ಬಿಡಲಾರದು. ಬುಟ್ಟಿಯ ಬಲೆಗೆ ನುಗ್ಗಿದ ಮೀನಿನಂತೆ ಅದು ಕೋಶದೊಳಗೇ ಸಿಕ್ಕಿಬೀಳುತ್ತದೆ.

1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಇದನ್ನು ತಯಾರಿಸಿ, ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಕಳುಹಿಸಿ, ಮೊದಲ ಬಾರಿಗೆ ಮನುಷ್ಯರ ಮೆದುಳಿನ ಚಿತ್ರ ತೆಗೆದರು. ಅದೇ ಬ್ರೂಕ್‌ಹೇವನ್ನಿನವರು 1980ರಲ್ಲಿ ಹಲವು ಬಗೆಯ ಪ್ರಾಣಿಗಳ ಗಂತಿಗಳಲ್ಲಿ ಎಫ್‌ಡಿಜಿ ಶೇಖರವಾಗುವುದನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಅದು ಕ್ಯಾನ್ಸರ್ ವೈದ್ಯರ ಬಲಗೈಯಂತಾಯಿತು. ರೋಗ ಎಷ್ಟು ದೂರ ಹರಡಿದೆ, ಚಿಕಿತ್ಸೆ ಕೆಲಸ ಮಾಡುತ್ತಿದೆಯೇ, ವಾಸಿಯಾದ ಮೇಲೆ ಮರುಕಳಿಸಿತೇ ಎಂಬುದನ್ನು ತಿಳಿಯಲು ಇಂದಿಗೂ ಅದಕ್ಕೆ ದೊಡ್ಡ ಸ್ಥಾನವಿದೆ. ನಾನು ಮುಂದೆ ಹೇಳುವ ಮಾತುಗಳಿಂದ ಯಾರೂ ಎಫ್‌ಡಿಜಿ ಸ್ಕ್ಯಾನ್ ಬೇಡವೆಂದು ತೀರ್ಮಾನಿಸಬಾರದು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಸಕ್ಕರೆ ಬೇಕಾದದ್ದು ಕ್ಯಾನ್ಸರಿಗೆ ಮಾತ್ರವೇ? ಮೆದುಳಿಗೆ ಬೇಕು, ಹೃದಯಕ್ಕೆ ಬೇಕು, ದುಡಿಯುವ ಸ್ನಾಯುವಿಗೆ ಬೇಕು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೂ ಬೇಕು. 1992ರಲ್ಲಿ ಜಪಾನಿನ ಸೆಂಡೈ ನಗರದ ಸಂಶೋಧಕರು ಎಫ್‌ಡಿಜಿ ಕೊಟ್ಟ ಇಲಿಗಳ ಗಂತಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡಿದರು. ಕ್ಯಾನ್ಸರ್ ಕೋಶಗಳಲ್ಲಿ ಎಫ್‌ಡಿಜಿ ಇತ್ತು, ನಿಜ. ಆದರೆ ಗಂತಿಯ ಸುತ್ತ ಸೇರಿದ್ದ ಭಕ್ಷಕ ಕೋಶಗಳಲ್ಲಿ, ಗಾಯ ಮಾಯುವಾಗ ಬೆಳೆಯುವಂಥ ಹೊಸ ಅಂಗಾಂಶದಲ್ಲಿ ಅದು ಇನ್ನೂ ಹೆಚ್ಚಾಗಿತ್ತು! ಚಿತ್ರದಲ್ಲಿ ಹೊಳೆದದ್ದೆಲ್ಲ ಕಳ್ಳನೇ ಅಲ್ಲ, ಕಳ್ಳನನ್ನು ಮುತ್ತಿದ ಪೊಲೀಸರೂ ಅದರಲ್ಲಿದ್ದರು.

ನಮ್ಮ ದೇಶದ ಪಾಡು

ಭಕ್ಷಕ ಕೋಶಗಳು ಗುಂಪುಗೂಡಿ ಗಂಟಾಗುವ ರೋಗ ಯಾವುದು? ನಮಗೆಲ್ಲ ಗೊತ್ತಿರುವ ಕ್ಷಯ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಶ್ವಾಸಕೋಶದಲ್ಲಿ, ಕುತ್ತಿಗೆಯ ಗ್ರಂಥಿಯಲ್ಲಿ, ಬೆನ್ನುಮೂಳೆಯಲ್ಲಿ ಕೂತ ಕ್ಷಯದ ಗಂಟು ಎಫ್‌ಡಿಜಿ ಸ್ಕ್ಯಾನಿನಲ್ಲಿ ಕ್ಯಾನ್ಸರಿನಷ್ಟೇ ಪ್ರಖರವಾಗಿ ಬೆಳಗಬಹುದು. ಕ್ಷಯ ಅಪರೂಪವಾಗಿರುವ ಶ್ರೀಮಂತ ದೇಶಗಳಲ್ಲಿ ವೈದ್ಯರು ಹೊಳೆಯುವ ಚುಕ್ಕೆಯನ್ನು ನೋಡಿ ಎಷ್ಟು ಖಚಿತವಾಗಿ ಮಾತನಾಡಬಲ್ಲರೋ ಅಷ್ಟು ಖಚಿತವಾಗಿ ನಾವು ಮಾತನಾಡಲಾಗದು.

ಇದು ಪುಸ್ತಕದ ಬದನೆಕಾಯಿ ಅಲ್ಲ. ಸ್ಕ್ಯಾನಿನ ವರದಿಯಲ್ಲಿ ‘ಹೆಚ್ಚಿನ ಹೀರಿಕೆ ಕಂಡುಬಂದಿದೆ’ ಎಂಬ ಸಾಲು ಓದಿ, ಮನೆಮಂದಿಯೆಲ್ಲ ಒಲೆ ಹಚ್ಚದೆ ಕೂತದ್ದನ್ನು ನಾನು ಕಂಡಿದ್ದೇನೆ. ಬಯಾಪ್ಸಿಯಲ್ಲಿ ಕ್ಷಯವೆಂದು ತಿಳಿದು, ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾದವರೂ ಇದ್ದಾರೆ. ಇದರ ತಿರುವುಮುರುವೂ ಆಗಬಹುದು. ‘ನಮ್ಮಲ್ಲಿ ಕ್ಷಯವೇ ಹೆಚ್ಚು’ ಎಂದು ಬಯಾಪ್ಸಿ ಮಾಡಿಸದೆ ಕ್ಷಯದ ಔಷಧಿ ಕೊಡುತ್ತ ಹೋದರೆ, ನಿಜವಾಗಿ ಕ್ಯಾನ್ಸರ್ ಇದ್ದವರ ಅಮೂಲ್ಯ ಸಮಯ ಹಾಳಾಗುತ್ತದೆ. ಚುಕ್ಕೆಯ ಹೊಳಪು ಎರಡೂ ಕಡೆ ದಾರಿ ತಪ್ಪಿಸಬಲ್ಲದು.

ಎರಡು ಟ್ರೇಸರ್, ಒಂದು ಇಲಿ

ಸಕ್ಕರೆಯ ಜಾಡು ಸಾಲದು ಎಂದಾಗ ಬೇರೆ ಜಾಡುಗಳನ್ನು ಹುಡುಕಿದರು. ಕ್ಯಾನ್ಸರಿನ ಮುಖ್ಯ ಲಕ್ಷಣ ಮಿತಿಯಿಲ್ಲದೆ ಒಡೆದು ವೃದ್ಧಿಯಾಗುವುದು. ಕೋಶ ಒಡೆಯಬೇಕಾದರೆ ಹೊಸ ಡಿಎನ್‌ಎ ಬೇಕು. ಡಿಎನ್‌ಎ ಕಟ್ಟಲು ಥೈಮಿಡಿನ್ ಎಂಬ ವಸ್ತು ಬೇಕು. ಥೈಮಿಡಿನ್ನಿನ ವೇಷ ಹಾಕಿದ ವಿಕಿರಣಶೀಲ ವಸ್ತುವೇ ಎಫ್‌ಎಲ್‌ಟಿ. ಇದರಿಂದ ಕೋಶಗಳ ವೃದ್ಧಿಯ ಚಿತ್ರ ತೆಗೆಯಬಹುದೆಂದು 1998ರಲ್ಲಿ ಪ್ರಕಟವಾಯಿತು. ಎಫ್‌ಡಿಜಿ ‘ಯಾರು ಹೆಚ್ಚು ತಿನ್ನುತ್ತಿದ್ದಾರೆ?’ ಎಂದು ಕೇಳಿದರೆ ಎಫ್‌ಎಲ್‌ಟಿ ‘ಯಾರು ಹೆಚ್ಚು ಹೆರುತ್ತಿದ್ದಾರೆ?’ ಎಂದು ಕೇಳುತ್ತದೆ.

ಎರಡರಲ್ಲಿ ಯಾವುದು ಮೇಲು? ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಮೆಚ್ಚಿಗೆಯಾದದ್ದು. ಅವರು ಇಲಿಯ ಭುಜದಲ್ಲಿ ಗಂತಿ ಬೆಳೆಸಿದರು. ಅದೇ ಇಲಿಯ ಹಿಂಗಾಲಿನ ಸ್ನಾಯುವಿಗೆ ಸ್ವಲ್ಪ ಟರ್ಪೆಂಟೈನ್ ಚುಚ್ಚಿ ಉರಿಯೂತ ಬರಿಸಿದರು. ಒಂದೇ ಮೈಯಲ್ಲಿ ಒಂದು ಕಡೆ ಗಂತಿ, ಇನ್ನೊಂದು ಕಡೆ ಬರೀ ಬಾವು. ಇಂಥ ಇಲಿಗಳಲ್ಲಿ ಎರಡು ಟ್ರೇಸರ್‌ಗಳನ್ನೂ ಪರೀಕ್ಷಿಸಿದರು.

ಗಂತಿಯನ್ನು ಹೆಚ್ಚು ಪ್ರಖರವಾಗಿ ತೋರಿಸಿದ್ದು ಎಫ್‌ಡಿಜಿಯೇ. ಬರೀ ಹೊಳಪನ್ನು ಅಳೆದಿದ್ದರೆ ಅದಕ್ಕೇ ಮೊದಲ ಬಹುಮಾನ. ಆದರೆ ಅದು ಬಾವು ಬಂದ ಕಾಲನ್ನೂ ಬೆಳಗಿಸಿತು. ಎಫ್‌ಎಲ್‌ಟಿಯ ಹೊಳಪು ಕಡಿಮೆ, ಆದರೆ ಗಂತಿ ಕಂಡಿತು, ಬಾವು ಬೆಳಗಲಿಲ್ಲ. ಉರಿಯೂತದ ಕಾಲನ್ನು ಪರೀಕ್ಷೆಯಲ್ಲಿ ಸೇರಿಸಿರದಿದ್ದರೆ ಈ ಸತ್ಯ ಹೊರಬರುತ್ತಲೇ ಇರಲಿಲ್ಲ. ಒಳ್ಳೆಯ ಹೋಲಿಕೆ ಎಂದರೆ ಇದು. ಗೆಲ್ಲುವ ಕುದುರೆ ಯಾವುದೆಂದು ಹೇಳಿ ಮುಗಿಸದೆ, ಯಾವ ಕುದುರೆ ಯಾವ ದಾರಿಗೆ ಸರಿ ಎಂದು ತಿಳಿಸುವುದು.

ಇಲಿ ಮನುಷ್ಯನಲ್ಲ

ಹಾಗಾದರೆ ಎಫ್‌ಎಲ್‌ಟಿ ಬಂತು, ಸಮಸ್ಯೆ ತೀರಿತು ಎನ್ನಬಹುದೇ? ಇಲ್ಲ. ಇಲ್ಲಿಂದ ಮುಂದೆ ಇಲಿಗೂ ನಮಗೂ ಇರುವ ವ್ಯತ್ಯಾಸಗಳು ಅಡ್ಡ ಬರುತ್ತವೆ.

ಮೊದಲನೆಯದು ದೇಹದ ರಸಾಯನ. ಇಲಿಗಳ ರಕ್ತದಲ್ಲಿ ಥೈಮಿಡಿನ್ ನಮಗಿಂತ ಎಷ್ಟೋ ಪಟ್ಟು ಹೆಚ್ಚು. ನಿಜವಾದ ಥೈಮಿಡಿನ್ ಧಾರಾಳವಾಗಿರುವಾಗ ವೇಷಧಾರಿ ಎಫ್‌ಎಲ್‌ಟಿಗೆ ಕೋಶದೊಳಗೆ ಸಿಗುವ ಜಾಗ ಕಡಿಮೆ. ಹೀಗಾಗಿ ಇಲಿಯಲ್ಲಿ ಅದು ತನ್ನ ನಿಜವಾದ ಶಕ್ತಿಗಿಂತ ಮಂಕಾಗಿ ಕಾಣಬಹುದು. ಇನ್ನೊಂದೆಡೆ ಮನುಷ್ಯನ ಯಕೃತ್ತು ಎಫ್‌ಎಲ್‌ಟಿಯನ್ನು ಮಾರ್ಪಡಿಸಿ ತನ್ನಲ್ಲೇ ಶೇಖರಿಸಿಕೊಳ್ಳುತ್ತದೆ. ಇಲಿಯ ಯಕೃತ್ತು ಅಷ್ಟಾಗಿ ಹಾಗೆ ಮಾಡುವುದಿಲ್ಲ. ಇಲಿಯಲ್ಲಿ ಸ್ವಚ್ಛವಾಗಿ ಕಂಡ ಹೊಟ್ಟೆಯ ಭಾಗ ಮನುಷ್ಯನಲ್ಲಿ ಯಕೃತ್ತಿನ ಹೊಳಪಿನಿಂದ ತುಂಬಿಹೋಗುತ್ತದೆ. ಯಕೃತ್ತಿಗೆ ಹರಡಿದ ಕ್ಯಾನ್ಸರನ್ನು ಆ ಬೆಳಕಿನಲ್ಲಿ ಹುಡುಕುವುದು ಹಗಲಲ್ಲಿ ನಕ್ಷತ್ರ ಹುಡುಕಿದಂತೆ.

ಎರಡನೆಯದು ಗಾತ್ರ. ಪ್ರಯೋಗದ ಚಿಕ್ಕ ಬಿಳಿ ಇಲಿಯ ತೂಕ 20 ಗ್ರಾಮ್ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಗ್ರಾಮಿನ ಗಂತಿ ಎಂದರೆ 60 ಕಿಲೋ ತೂಕದ ಮನುಷ್ಯನಲ್ಲಿ ಒಂದೂವರೆ ಕಿಲೋ ಗಂತಿ ಇದ್ದಂತಾಯಿತು. ಅಷ್ಟು ದೊಡ್ಡದನ್ನು ಪತ್ತೆ ಮಾಡಲು ನಮಗೆ ಸ್ಕ್ಯಾನೇ ಬೇಕಿಲ್ಲ. ನಮಗೆ ಬೇಕಾದದ್ದು ಕಡಲೆಕಾಳಿನಷ್ಟು ಗಂತಿ ಕಾಣುವುದು. ಮನುಷ್ಯರ ಪೆಟ್ ಯಂತ್ರಕ್ಕೆ ಅರ್ಧ ಸೆಂಟಿಮೀಟರಿಗಿಂತ ಸಣ್ಣ ಚುಕ್ಕೆಗಳನ್ನು ಹಿಡಿಯುವುದು ಸಾಮಾನ್ಯವಾಗಿ ಕಷ್ಟ.

ಮೂರನೆಯದು ಅಂಕಿಗಳ ಆಟ. ‘ಗಂತಿಯ ಪ್ರತಿ ಗ್ರಾಮಿನಲ್ಲಿ ಕೊಟ್ಟ ಮದ್ದಿನ ಶೇಕಡ 10 ಶೇಖರವಾಯಿತು’ ಎಂದು ಓದಿದರೆ ಭಾರೀ ಯಶಸ್ಸು ಎನಿಸುತ್ತದೆ. ಆದರೆ 20 ಗ್ರಾಮಿನ ಇಲಿಯ ಮೈಯೆಲ್ಲ ಸಮನಾಗಿ ಹರಡಿದರೂ ಪ್ರತಿ ಗ್ರಾಮಿಗೆ ಶೇಕಡ 5 ಸಿಕ್ಕೇ ಸಿಗುತ್ತದೆ. ಹಾಗಾಗಿ ಶೇಕಡ 10 ಎಂದರೆ ಸರಾಸರಿಯ ಎರಡರಷ್ಟು, ಅಷ್ಟೇ. ಅದೇ ಮದ್ದು 60 ಕಿಲೋ ಮನುಷ್ಯನಲ್ಲಿ ಹರಡಿದಾಗ ಪ್ರತಿ ಗ್ರಾಮಿನ ಪಾಲು ಮೂರು ಸಾವಿರ ಪಟ್ಟು ಕಡಿಮೆ. ಲೋಟದ ನೀರಿಗೆ ಹಾಕಿದ ಚಿಟಿಕೆ ಉಪ್ಪಿನ ರುಚಿಯನ್ನು ಬಾವಿಯ ನೀರಿನಲ್ಲಿ ಹುಡುಕಬಾರದು.

ನಾಲ್ಕನೆಯದು ಪ್ರಾಣಿಯನ್ನು ಇಟ್ಟುಕೊಂಡ ರೀತಿ. ಇಲಿಗೆ ಆಹಾರ ಕೊಟ್ಟಿದ್ದರೇ, ಉಪವಾಸವಿತ್ತೇ? ಬೆಚ್ಚಗಿತ್ತೇ, ಚಳಿಯಲ್ಲಿತ್ತೇ? ಎಂಥ ಅರಿವಳಿಕೆ ಕೊಟ್ಟರು? ಇಷ್ಟು ಸಣ್ಣ ವಿಷಯಗಳಿಂದಲೇ ಗಂತಿಯ ಚಿತ್ರ ಗಣನೀಯವಾಗಿ ಬದಲಾಗುತ್ತದೆಂದು 2006ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ತೋರಿಸಿದರು. ಚಳಿಯಾದ ಇಲಿ ಮೈ ಬಿಸಿ ಮಾಡಿಕೊಳ್ಳಲು ಕಂದು ಕೊಬ್ಬನ್ನು ಉರಿಸುತ್ತದೆ, ಆ ಕೊಬ್ಬು ಸಕ್ಕರೆಯನ್ನು ಎಳೆದುಕೊಂಡು ಹೊಳೆಯುತ್ತದೆ. ಪೆಟ್ ಸ್ಕ್ಯಾನಿಗೆ ಹೋದವರಿಗೆ ‘ನಾಲ್ಕರಿಂದ ಆರು ಗಂಟೆ ಏನೂ ತಿನ್ನಬೇಡಿ, ಹಿಂದಿನ ದಿನ ಹೆಚ್ಚು ವ್ಯಾಯಾಮ ಬೇಡ, ಹೊದ್ದುಕೊಂಡು ಸುಮ್ಮನೆ ಮಲಗಿ’ ಎಂದು ಹೇಳುವುದೂ ಇದೇ ಕಾರಣಕ್ಕೆ. ಆ ಸೂಚನೆಗಳನ್ನು ಕಡೆಗಣಿಸಿ ‘ಒಂದು ಲೋಟ ಕಾಫಿ ಕುಡಿದರೆ ಏನಾದೀತು’ ಎನ್ನುವವರು ತಮ್ಮ ದುಡ್ಡನ್ನು ತಾವೇ ನೀರಿಗೆ ಹಾಕಿದಂತೆ.

ಮನುಷ್ಯರಲ್ಲಿ ಏನಾಯಿತು?

ಎಫ್‌ಎಲ್‌ಟಿಯನ್ನು ರೋಗಿಗಳಲ್ಲಿ ಪರೀಕ್ಷಿಸಿದಾಗ ಅದು ಅನೇಕ ಕ್ಯಾನ್ಸರುಗಳಲ್ಲಿ ಎಫ್‌ಡಿಜಿಯಷ್ಟು ಗಂತಿಗಳನ್ನು ಹಿಡಿಯಲಿಲ್ಲ. ಯಕೃತ್ತು ಮತ್ತು ಮೂಳೆಯ ಮಜ್ಜೆ ಸಹಜವಾಗಿಯೇ ಹೊಳೆದವು. ಮಜ್ಜೆಯಲ್ಲಿ ರಕ್ತಕಣಗಳು ಸದಾ ಹುಟ್ಟುತ್ತಿರುತ್ತವಲ್ಲವೇ? ಅಷ್ಟೇ ಅಲ್ಲ, ಸೋಂಕಿಗೆ ಪ್ರತಿಯಾಗಿ ಊದಿಕೊಂಡ ದುಗ್ಧರಸ ಗ್ರಂಥಿಗಳೂ ಕೆಲವೊಮ್ಮೆ ಬೆಳಗಿದವು. ಅಲ್ಲೂ ರಕ್ಷಕ ಕೋಶಗಳು ವೃದ್ಧಿಯಾಗುತ್ತಿರುತ್ತವೆ. ಟರ್ಪೆಂಟೈನ್ ಚುಚ್ಚಿದ ಒಂದು ದಿನದ ಬಾವು ಬೇರೆ, ಮನುಷ್ಯನ ಗ್ರಂಥಿಯಲ್ಲಿ ವಾರಗಟ್ಟಲೆ ನಡೆಯುವ ಹೋರಾಟ ಬೇರೆ. ಎಫ್‌ಡಿಜಿಯ ಪಟ್ಟ ಎಫ್‌ಎಲ್‌ಟಿಗೆ ಸಿಗಲಿಲ್ಲ. ಚಿಕಿತ್ಸೆಗೆ ಗಂತಿ ಬಗ್ಗಿತೇ ಎಂಬುದನ್ನು ಅರಿಯುವ ಸಂಶೋಧನೆಗಳಲ್ಲಿ ಅದಕ್ಕೊಂದು ಜಾಗ ಉಳಿಯಿತು.

ಗೆದ್ದ ಟ್ರೇಸರ್‌ಗಳೂ ಇವೆ. ಪುರುಷರ ಪ್ರಾಸ್ಟೇಟ್ ಕ್ಯಾನ್ಸರ್ ಹಲವು ವೇಳೆ ಸಕ್ಕರೆಯನ್ನು ಅಷ್ಟಾಗಿ ಬೇಡುವುದಿಲ್ಲ, ಆದ್ದರಿಂದ ಎಫ್‌ಡಿಜಿ ಅಲ್ಲಿ ಸೋಲುತ್ತದೆ. ಆ ಕೋಶಗಳ ಮೇಲ್ಮೈಯಲ್ಲಿ ಹೇರಳವಾಗಿರುವ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟುವ ವಸ್ತುವನ್ನು ತಯಾರಿಸಿದರು. ಇಂಥ ಪ್ರಯೋಗಗಳಲ್ಲಿ ಪಿಎಸ್‌ಎಂಎ ಇರುವ ಗಂತಿ, ಅದಿಲ್ಲದ ಗಂತಿ ಎರಡನ್ನೂ ಇಲಿಗಳಲ್ಲಿ ಬೆಳೆಸಿ ನೋಡುತ್ತಾರೆ. ಮೊದಲನೆಯದು ಮಾತ್ರ ಬೆಳಗಬೇಕು. ವಿಕಿರಣವಿಲ್ಲದ ಅದೇ ವಸ್ತುವನ್ನು ಮೊದಲೇ ಧಾರಾಳವಾಗಿ ಕೊಟ್ಟು ಬೀಗದ ಕಿಂಡಿಗಳನ್ನೆಲ್ಲ ಮುಚ್ಚಿದಾಗ ಅದೂ ಮಂಕಾಗಬೇಕು. ಆಗಷ್ಟೇ ಬೀಗಕ್ಕೂ ಕೀಲಿಕೈಗೂ ಹೊಂದಿಕೆ ಇದೆಯೆಂದು ನಂಬುವುದು. ಈ ಬಗೆಯ ಗ್ಯಾಲಿಯಮ್-68 ಟ್ರೇಸರಿಗೆ ಅಮೆರಿಕದಲ್ಲಿ 2020ರಲ್ಲಿ ಮನ್ನಣೆ ದೊರೆಯಿತು. ನರ ಮತ್ತು ಹಾರ್ಮೋನುಗಳಿಗೆ ಸಂಬಂಧಿಸಿದ ಕೆಲವು ಅಪರೂಪದ ಗಂತಿಗಳಿಗೆ ಬಳಸುವ ಡೋಟಾಟೇಟ್ ಟ್ರೇಸರಿಗೆ 2016ರಲ್ಲೇ ಅಲ್ಲಿ ಒಪ್ಪಿಗೆ ಸಿಕ್ಕಿತ್ತು.

ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರೂಪುಗೊಂಡ ಎಫ್‌ಎಪಿಐ ಎಂಬ ಟ್ರೇಸರ್ ಕ್ಯಾನ್ಸರ್ ಕೋಶವನ್ನು ಬಿಟ್ಟು ಅದರ ಸುತ್ತಲಿನ ನಾರುಕೋಶಗಳ ಜಾಡು ಹಿಡಿಯುತ್ತದೆ. 2019ರಲ್ಲಿ 28 ಬಗೆಯ ಕ್ಯಾನ್ಸರುಗಳಲ್ಲಿ ಅದು ಶೇಖರವಾಗುವುದನ್ನು ಪ್ರಕಟಿಸಿದಾಗ ‘ಇನ್ನು ಎಫ್‌ಡಿಜಿಯ ಕಾಲ ಮುಗಿಯಿತು’ ಎಂದವರಿದ್ದರು. ಆದರೆ ಮಾಯುತ್ತಿರುವ ಗಾಯ, ನಾರುಗಟ್ಟಿದ ಅಂಗಾಂಶ, ಕೀಲುಗಳ ಉರಿಯೂತ ಇವುಗಳಲ್ಲೂ ಅದು ಹೊಳೆಯುವುದು ಕಂಡುಬಂದಿದೆ. ಮತ್ತೆ ಅದೇ ಪಾಠ. ಪ್ರತಿಯೊಂದು ಟ್ರೇಸರೂ ಒಂದೇ ಒಂದು ಪ್ರಶ್ನೆ ಕೇಳಬಲ್ಲದು. ‘ಇದು ಕ್ಯಾನ್ಸರೇ?’ ಎಂಬ ಪ್ರಶ್ನೆ ಕೇಳುವ ಟ್ರೇಸರ್ ಇಂದಿಗೂ ಇಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದು ಬಯಾಪ್ಸಿಯ ತುಣುಕು.

ಹಾಗಾದರೆ ಇಲಿಗಳೇಕೆ?

ಇಷ್ಟೆಲ್ಲ ವ್ಯತ್ಯಾಸವಿದ್ದರೆ ಮೂಕ ಪ್ರಾಣಿಗಳಿಗೆ ಏಕೆ ಈ ಹಿಂಸೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮನುಷ್ಯನ ರಕ್ತನಾಳಕ್ಕೆ ಹೊಸದೊಂದು ವಿಕಿರಣಶೀಲ ವಸ್ತುವನ್ನು ಚುಚ್ಚುವ ಮೊದಲು ಅದು ಮೂತ್ರಪಿಂಡದಲ್ಲಿ ನಿಲ್ಲುತ್ತದೆಯೇ, ಮಜ್ಜೆಯನ್ನು ಸುಡುತ್ತದೆಯೇ ಎಂದು ತಿಳಿಯದಿದ್ದರೆ ಅದು ಇನ್ನೂ ದೊಡ್ಡ ಅನ್ಯಾಯ. ಬದಲಿ ಇದ್ದಲ್ಲಿ ಪ್ರಾಣಿ ಬೇಡ, ಬೇಕಾದರೂ ಕಡಿಮೆ ಸಂಖ್ಯೆ, ಆದಷ್ಟು ನೋವಿಲ್ಲದ ವಿಧಾನ ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಮುಂದಿಟ್ಟರು. ನಮ್ಮಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಇಂಥ ಪ್ರಯೋಗಗಳ ಮೇಲೆ ಮೇಲ್ವಿಚಾರಣೆ ಇದೆ. ಚಿಕ್ಕ ಪ್ರಾಣಿಗಳಿಗೆಂದೇ ಮಾಡಿದ ಪೆಟ್ ಯಂತ್ರಗಳು 1990ರ ದಶಕದಲ್ಲಿ ಬಂದ ಮೇಲೆ ಒಂದು ಉಪಕಾರವಾಯಿತು. ಹಿಂದೆ ಒಂದೊಂದು ಗಂಟೆಯ ಲೆಕ್ಕಕ್ಕೂ ಬೇರೆ ಬೇರೆ ಇಲಿಗಳನ್ನು ಕೊಲ್ಲಬೇಕಿತ್ತು. ಈಗ ಅರಿವಳಿಕೆ ಕೊಟ್ಟು ಒಂದೇ ಇಲಿಯನ್ನು ಹಲವು ಬಾರಿ ನೋಡಬಹುದು. ಇಂದು ಒಂದು ಟ್ರೇಸರ್, ನಾಳೆ ಇನ್ನೊಂದು, ಅದೇ ಇಲಿ, ಅದೇ ಗಂತಿ. ಹೋಲಿಕೆಯೂ ಹೆಚ್ಚು ನಂಬಿಕೆಗೆ ಅರ್ಹ, ಸಾಯುವ ಪ್ರಾಣಿಗಳೂ ಕಡಿಮೆ.

ಸುಮ್ಮನೆ ಹೊಳಪನ್ನಷ್ಟೇ ತೋರಿಸಿ ಮುಗಿಸುವ ಪ್ರಯೋಗಗಳ ವಿಷಯದಲ್ಲಿ ಮಾತ್ರ ನನ್ನ ತಕರಾರು ಇದೆ. ಹಳೆಯ ಟ್ರೇಸರಿನೊಡನೆ ಹೋಲಿಕೆ ಇಲ್ಲದೆ, ಉರಿಯೂತದ ಎದುರು ಪರೀಕ್ಷೆ ಇಲ್ಲದೆ ಬಲಿಯಾದ ಇಲಿ ವ್ಯರ್ಥವಾಗಿ ಸತ್ತಂತೆ. ನಮ್ಮ ದೇಶದ ಪ್ರಯೋಗಶಾಲೆಗಳೂ ಅನುಮತಿ ಕೊಡುವ ಸಮಿತಿಗಳೂ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ನಮ್ಮ ರೋಗಿಗಳಿಗೆ ಬರುವ ಯಾವುದೇ ಹೊಸ ಟ್ರೇಸರ್ ಕ್ಷಯದ ಗಂಟಿನ ಎದುರು ಹೇಗೆ ವರ್ತಿಸುತ್ತದೆಂಬುದನ್ನು ಮೊದಲು ಪ್ರಾಣಿಗಳಲ್ಲಿ, ನಂತರ ನಮ್ಮದೇ ರೋಗಿಗಳಲ್ಲಿ ಪರೀಕ್ಷಿಸಬೇಕು. ಇದರಿಂದ ಹೊಸ ವಿಧಾನ ಬರುವುದು ತಡವಾಗುತ್ತದೆ, ಖರ್ಚು ಹೆಚ್ಚುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ತಪ್ಪು ಹೊಳಪಿನ ಬೆನ್ನು ಹತ್ತಿ ರೋಗಿಗಳು ಮಾಡಿಸುವ ಮರುಪರೀಕ್ಷೆಗಳ ಖರ್ಚು, ಬೇಡದ ಶಸ್ತ್ರಕ್ರಿಯೆಯ ನೋವು ಯಾರ ಲೆಕ್ಕದಲ್ಲೂ ಸೇರುತ್ತಿಲ್ಲವಲ್ಲ!

ನೀವು ಮಾಡಬಹುದಾದದ್ದು

ಹೊಸ ಸ್ಕ್ಯಾನಿನ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಪರೀಕ್ಷೆ ನಡೆದದ್ದು ಇಲಿಯಲ್ಲೋ ಮನುಷ್ಯನಲ್ಲೋ? ಯಾವುದರೊಡನೆ ಹೋಲಿಸಿದರು? ಕ್ಯಾನ್ಸರಲ್ಲದ ಬಾವು, ಸೋಂಕುಗಳ ಎದುರೂ ನೋಡಿದರೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ಸುದ್ದಿಯನ್ನು ವಿಜ್ಞಾನದ ಆಸಕ್ತಿಗಾಗಿ ಓದಿ ಸಂತೋಷಪಡಿ. ಅದಕ್ಕಾಗಿ ನಡೆಯುತ್ತಿರುವ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬೇಡಿ.

ವೈದ್ಯರು ಪೆಟ್ ಸ್ಕ್ಯಾನ್ ಬರೆದುಕೊಟ್ಟರೆ ಯಾವ ಟ್ರೇಸರ್, ಯಾವ ಪ್ರಶ್ನೆಗೆ ಉತ್ತರ ಹುಡುಕಲು ಎಂದು ಸಂಕೋಚವಿಲ್ಲದೆ ಕೇಳಿ. ನಿಮಗೆ ಮಧುಮೇಹವಿದ್ದರೆ, ಹಿಂದೆ ಕ್ಷಯವಾಗಿದ್ದರೆ, ಇತ್ತೀಚೆಗೆ ಶಸ್ತ್ರಕ್ರಿಯೆಯಾಗಿದ್ದರೆ, ಲಸಿಕೆ ಹಾಕಿಸಿಕೊಂಡಿದ್ದರೆ ತಪ್ಪದೆ ತಿಳಿಸಿ. ಇವೆಲ್ಲ ಚಿತ್ರವನ್ನು ಬದಲಿಸಬಲ್ಲವು. ಮಧುಮೇಹಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಕರುಳು ಹೊಳೆಯುವುದುಂಟು. ಆದರೆ ವೈದ್ಯರು ಹೇಳದೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಮೊದಲೇ ಹೇಳಲೇಬೇಕು.

ಯಾವ ತೊಂದರೆಯೂ ಇಲ್ಲದವರು ‘ಒಮ್ಮೆ ನೋಡಿಬಿಡೋಣ’ ಎಂದು ಪೆಟ್ ಸ್ಕ್ಯಾನ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಸಾವಿರಾರು ರೂಪಾಯಿಯ ಖರ್ಚು ಒಂದು ಕಡೆ. ಪ್ರಕೃತಿಯಿಂದ ನಮಗೆ ವರ್ಷಕ್ಕೆ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್. ಒಂದು ಎಫ್‌ಡಿಜಿ ಚುಚ್ಚುಮದ್ದಿನಿಂದಲೇ ಅದರ ಎರಡು ಮೂರು ಪಟ್ಟು ಬರುತ್ತದೆ, ಜೊತೆಗಿನ ಸಿ.ಟಿ. ಸ್ಕ್ಯಾನಿನದು ಬೇರೆ. ರೋಗವಿದ್ದವರಿಗೆ ಸಿಗುವ ಪ್ರಯೋಜನದ ಮುಂದೆ ಇದು ಏನೂ ಅಲ್ಲ. ಆರೋಗ್ಯವಂತರಿಗೆ ಮಾತ್ರ ಲಾಭಕ್ಕಿಂತ ಗೊಂದಲವೇ ಹೆಚ್ಚು. ಅದೇ ದುಡ್ಡಿನಲ್ಲಿ ಮನೆಯ ಹೆಂಗಸರ ಸ್ತನ ಮತ್ತು ಗರ್ಭಕೊರಳಿನ ಪರೀಕ್ಷೆ, ತಂಬಾಕು ಬಳಸುವವರ ಬಾಯಿಯ ಪರೀಕ್ಷೆ ಮಾಡಿಸಿದರೆ ನಿಜವಾದ ಉಪಯೋಗವಿದೆ.

ಇನ್ನು ವರದಿಯಲ್ಲಿ ಒಂದು ಚುಕ್ಕೆ ಹೊಳೆದಿದೆ ಎಂದು ಬಂದರೆ? ಅಳುತ್ತ ಕೂರಬೇಡಿ, ಅಲಕ್ಷ್ಯವನ್ನೂ ಮಾಡಬೇಡಿ. ಬಯಾಪ್ಸಿ ಬೇಕೇ ಎಂದು ವೈದ್ಯರನ್ನು ಕೇಳಿ, ಬೇಕೆಂದರೆ ಕೂಡಲೇ ಮಾಡಿಸಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಹಿಂಜರಿಯುವವರು ನಮ್ಮಲ್ಲಿ ಬಹಳ. ಆ ಅಪಾಯ ತೀರಾ ಅಪರೂಪ. ರೋಗ ಯಾವುದೆಂದು ತಿಳಿಯದೆ ಕಳೆಯುವ ದಿನಗಳ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.